ಎಂಪವರ್: ಕಾಗದದ ಅಧಿಕಾರ, ಕಸುವಿನ ಅಧಿಕಾರ

ಪ್ರಶ್ನೆ: ನಾನು ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಹೊಸ ಅಧ್ಯಕ್ಷರಿಗೂ ನನಗೂ ಬ್ಯಾಂಕ್ ಖಾತೆ ನಡೆಸುವ ಅಧಿಕಾರ ಕೊಟ್ಟು ಸಮಿತಿ ಠರಾವು ಮಾಡಿತು. ಅದನ್ನು ಇಂಗ್ಲಿಷಿನಲ್ಲಿ ಬರೆದು ಕೊಡಿ ಎಂದು ಬ್ಯಾಂಕಿನವರು ಕೇಳಿದರು. 'ದಿ ಕಮಿಟಿ ಎಂಪವರ್ಡ್ ದಿ ಪವರ್ ಟು ದಿ ಪ್ರೆಸಿಡೆಂಟ್ ಅಂಡ್ ಸೆಕ್ರೆಟರಿ' ಅಂತ ಬರೆದೆ. ತಿದ್ದಿ ತನ್ನಿ ಎಂದು ವಾಪಸ್ ಕೊಟ್ಟರು. ಏನು ತಪ್ಪು ಎಂದು ಹೇಳಲಿಲ್ಲ. ನಿಘಂಟಿನಲ್ಲಿ ನೋಡಿದರೆ ಎಂಪವರ್ ಅಂದರೆ 'ಅಧಿಕಾರ ಕೊಡು' ಎಂದೇ ಇದೆ. ನಮ್ಮ ಸಂಘದ ಬೋರ್ಡಿನ ಮೇಲೆ 'ವಿಮೆನ್ ಎಂಪವರ್‌ಮೆಂಟ್' ಅಂತಲೂ ಬರೆಸಿದ್ದೇವೆ. ಎರಡೂ ಒಂದೇ ಎಂಪವರ್ ಹೌದಾ? ಈ ಪದವನ್ನು ಎಲ್ಲಿ, ಹೇಗೆ ಬಳಸಬೇಕು?

ಉತ್ತರ: ನಿಮ್ಮ ನಿಘಂಟು ತಪ್ಪು ಹೇಳಿಲ್ಲ. ಆದರೆ 'ಅಧಿಕಾರ ಕೊಡು' ಎಂಬುದು ನಮ್ಮಲ್ಲಿ ಎರಡು ಪದ, ಇಂಗ್ಲಿಷಿನಲ್ಲಿ ಅದು ಒಂದೇ ಪದ. ನಿಮ್ಮ ವಾಕ್ಯ ಎಡವಿದ್ದು ಅಲ್ಲೇ.

ಸಮಿತಿ ಕಾರ್ಯದರ್ಶಿಗೆ ಅಧಿಕಾರ ಕೊಟ್ಟಿತು ಅನ್ನುತ್ತೇವೆ. ಇಲ್ಲಿ ಕೊಟ್ಟದ್ದು ಏನನ್ನು? ಅಧಿಕಾರವನ್ನು. ಯಾರಿಗೆ? ಕಾರ್ಯದರ್ಶಿಗೆ. ಕನ್ನಡದ ವಾಕ್ಯಕ್ಕೆ ಈ ಎರಡೂ ಬೇಕು. ಆದರೆ ಎಂಪವರ್ ಎಂಬ ಕ್ರಿಯಾಪದದ ಹೊಟ್ಟೆಯಲ್ಲೇ ಪವರ್ ಕೂತಿದೆ. ಅದನ್ನು ಮತ್ತೆ ಹೇಳುವ ಹಾಗಿಲ್ಲ. ಆ ಪದಕ್ಕೆ ಬೇಕಾಗಿರುವುದು 'ಯಾರನ್ನು' ಎಂಬ ಒಂದೇ ಉತ್ತರ. ನಮ್ಮ 'ಬಲಪಡಿಸು' ಇದ್ದ ಹಾಗೆ. ಸಂಘವನ್ನು ಬಲಪಡಿಸಿದರು ಅನ್ನುತ್ತೇವೆ. ಸಂಘಕ್ಕೆ ಬಲವನ್ನು ಬಲಪಡಿಸಿದರು ಅನ್ನುವುದಿಲ್ಲ ಅಲ್ವಾ? ನೀವು ಬರೆದ ವಾಕ್ಯ ಇಂಗ್ಲಿಷ್ ಬಲ್ಲವರ ಕಿವಿಗೆ ಹೆಚ್ಚುಕಡಿಮೆ ಹಾಗೆ ಕೇಳುತ್ತದೆ.

ಹಾಗಾಗಿ ಅಚ್ಚು ಹೀಗೆ: ಎಂಪವರ್, ಆಮೇಲೆ ಅಧಿಕಾರ ಪಡೆಯುವವರ ಹೆಸರು, ಆಮೇಲೆ 'ಟು', ಕೊನೆಗೆ ಮಾಡಬೇಕಾದ ಕೆಲಸ. 'ದಿ ಬೈಲಾ ಎಂಪವರ್ಸ್ ದಿ ಕಮಿಟಿ ಟು ಅಪಾಯಿಂಟ್ ಎ ಸೆಕ್ರೆಟರಿ.' ಕಾರ್ಯದರ್ಶಿಯನ್ನು ನೇಮಿಸಲು ಬೈಲಾ ಸಮಿತಿಗೆ ಅಧಿಕಾರ ಕೊಡುತ್ತದೆ ಎಂದರ್ಥ. 'ಫಾರ್ ಅಪಾಯಿಂಟಿಂಗ್' ಎಂದು ಬರೆಯಬೇಡಿ. 'ನೇಮಿಸುವುದಕ್ಕೆ' ಎಂದು ಕನ್ನಡದಲ್ಲಿ ಯೋಚಿಸಿದಾಗ ಕೈ ತಾನಾಗಿ 'ಫಾರ್' ಕಡೆ ಹೋಗುತ್ತದೆ. ಈ ತಪ್ಪನ್ನು ನಾನು ತುಂಬಾ ಜನರ ಬರವಣಿಗೆಯಲ್ಲಿ ತಿದ್ದಿದ್ದೇನೆ.

ಪವರ್ ಎಂಬ ಪದವನ್ನು ಬಿಡಲು ಮನಸ್ಸಿಲ್ಲ ಎಂದಾದರೆ ಬೇರೆ ಕ್ರಿಯಾಪದ ತೆಗೆದುಕೊಳ್ಳಬೇಕು. ಇಂಗ್ಲಿಷಿನಲ್ಲಿ ಅವು ಬೇಕಾದಷ್ಟಿವೆ. ಅಧಿಕಾರವನ್ನು ಒಬ್ಬರ ಮೇಲೆ 'ಕನ್ಫರ್' ಮಾಡುತ್ತಾರೆ, ಒಬ್ಬರಲ್ಲಿ 'ವೆಸ್ಟ್' ಮಾಡುತ್ತಾರೆ, ಒಬ್ಬರಿಗೆ 'ಡೆಲಿಗೇಟ್' ಮಾಡುತ್ತಾರೆ. ಇವುಗಳ ಜೊತೆ ಬರುವ ಪುಟ್ಟ ಪದಗಳು ಕ್ರಮವಾಗಿ 'ಆನ್', 'ಇನ್', 'ಟು'. ವೆಸ್ಟ್ ಎಂಬುದು ಬಟ್ಟೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಅಧಿಕಾರವನ್ನು ಅಂಗಿಯ ಹಾಗೆ ತೊಡಿಸುವುದು. ನಮ್ಮ ಸಂವಿಧಾನದ 53ನೇ ವಿಧಿ ಕೇಂದ್ರದ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯಲ್ಲಿ 'ವೆಸ್ಟ್' ಆಗಿರುತ್ತದೆ ಎನ್ನುತ್ತದೆ. ಕಾನೂನಿನ ಕನ್ನಡದಲ್ಲಿ ಇದಕ್ಕೆ 'ನಿಹಿತ' ಎಂಬ ಪದವಿದೆ. ಕನ್ಫರ್‌ಗೆ 'ಪ್ರದತ್ತ'. ರಾಜ್ಯಪತ್ರದ ಅಧಿಸೂಚನೆಗಳಲ್ಲಿ 'ಪ್ರದತ್ತವಾದ ಅಧಿಕಾರಗಳನ್ನು ಚಲಾಯಿಸಿ' ಎಂಬ ಮಾತನ್ನು ನೀವು ನೋಡಿರಬಹುದು. ಸುಮ್ನೆ ಭಾರದ ಪದಗಳು ಅನ್ನಿಸುತ್ತವೆ. ಆದರೆ ಯಾವ ಅಧಿಕಾರ ಎಲ್ಲಿಂದ ಬಂತು ಎಂಬ ಲೆಕ್ಕ ಅವುಗಳಲ್ಲಿ ಸರಿಯಾಗಿ ಉಳಿಯುತ್ತದೆ.

ಈ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಸಂವಿಧಾನದಲ್ಲೇ ಒಂದು ಒಳ್ಳೆಯ ಜಾಗವಿದೆ. 357ನೇ ವಿಧಿ. ರಾಜ್ಯವೊಂದರಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದು, ಅಲ್ಲಿನ ಶಾಸನಸಭೆಯ ಅಧಿಕಾರ ಸಂಸತ್ತಿಗೆ ಹೋದರೆ ಮುಂದೇನು ಎಂದು ಅದು ಹೇಳುತ್ತದೆ. 1989ರಲ್ಲಿ ಎಸ್. ಆರ್. ಬೊಮ್ಮಾಯಿ ಸರ್ಕಾರ ವಜಾ ಆದಾಗ ನಮ್ಮ ರಾಜ್ಯವೂ ರಾಷ್ಟ್ರಪತಿ ಆಳ್ವಿಕೆ ಕಂಡಿತ್ತು. ಆ ವಿಧಿ ಹೇಳುವುದು ಇಷ್ಟು: ಕಾನೂನು ಮಾಡುವ ಅಧಿಕಾರವನ್ನು ಸಂಸತ್ತು ರಾಷ್ಟ್ರಪತಿಗೆ 'ಕನ್ಫರ್' ಮಾಡಬಹುದು. ಆ ಅಧಿಕಾರವನ್ನು ಇನ್ನೊಬ್ಬರಿಗೆ 'ಡೆಲಿಗೇಟ್' ಮಾಡಲು ರಾಷ್ಟ್ರಪತಿಯನ್ನು 'ಆಥರೈಸ್' ಮಾಡಬಹುದು. ಒಂದೇ ವಾಕ್ಯದಲ್ಲಿ ಮೂರು ಕ್ರಿಯಾಪದ. ಮೂರಕ್ಕೂ 'ಅಧಿಕಾರ ಕೊಡು' ಎಂದು ಬರೆದು ನೋಡಿ, ವಾಕ್ಯ ಗೋಜಲಾಗುತ್ತದೆ. ಮೊದಲನೆಯದು ಅಧಿಕಾರವನ್ನೇ ಕೈಗಿಡುವುದು. ಎರಡನೆಯದು ತನ್ನ ಕೈಯಲ್ಲಿರುವುದನ್ನು ಇನ್ನೊಬ್ಬರ ಕೈಯಿಂದ ಮಾಡಿಸುವುದು. ಮೂರನೆಯದು ಹಾಗೆ ಮಾಡಿಸಲು ಒಪ್ಪಿಗೆ ಕೊಡುವುದು.

ಹಾಗಾದರೆ ಎಂಪವರ್ ಎಲ್ಲಿ? 32ನೇ ವಿಧಿಯಲ್ಲಿ ಸಿಗುತ್ತದೆ. ಮೂಲಭೂತ ಹಕ್ಕುಗಳನ್ನು ಕಾಪಾಡಲು ಸುಪ್ರೀಂ ಕೋರ್ಟಿಗೆ ಇರುವ ಅಧಿಕಾರವನ್ನು ಬೇರೆ ಕೋರ್ಟುಗಳೂ ತಮ್ಮ ವ್ಯಾಪ್ತಿಯಲ್ಲಿ ಚಲಾಯಿಸುವಂತೆ ಸಂಸತ್ತು ಕಾನೂನಿನ ಮೂಲಕ 'ಎಂಪವರ್' ಮಾಡಬಹುದು ಎಂದು ಅಲ್ಲಿದೆ. ಗಮನಿಸಿ, 'ಕಾನೂನಿನ ಮೂಲಕ'. ಎಂಪವರ್‌ನ ಹಳೆಯ ಅರ್ಥದ ಹಿಂದೆ ಹೆಚ್ಚಾಗಿ ಒಂದು ಕಾನೂನು, ಒಂದು ಬೈಲಾ, ಒಂದು ಆದೇಶ ನಿಂತಿರುತ್ತದೆ. ಆಥರೈಸ್‌ನ ಹಿಂದೆ ಸಾಮಾನ್ಯವಾಗಿ ಈಗಾಗಲೇ ಅಧಿಕಾರ ಇರುವ ಒಬ್ಬರು ಅಥವಾ ಒಂದು ಸಮಿತಿ ನಿಂತಿರುತ್ತದೆ.

1985ರ ಮಾದಕ ವಸ್ತು ಕಾಯ್ದೆಯ 41ನೇ ಸೆಕ್ಷನ್ನಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುವ ಹಾಗಿದೆ. ಸರ್ಕಾರದ ಆದೇಶದಿಂದ ಗೆಜೆಟೆಡ್ ದರ್ಜೆಯ ಅಧಿಕಾರಿ 'ಎಂಪವರ್' ಆಗಿರುತ್ತಾರೆ. ಅವರು ತಮ್ಮ ಕೈಕೆಳಗಿನವರನ್ನು ಮನೆ ಶೋಧಿಸಲು, ಬಂಧಿಸಲು 'ಆಥರೈಸ್' ಮಾಡಬಹುದು. ಅದೂ ಪ್ಯೂನ್, ಸಿಪಾಯಿ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯವರನ್ನು ಮಾತ್ರ. ಎರಡು ಪದ, ಎರಡು ಮೆಟ್ಟಿಲು. ಮೇಲಿನವರು ನಿಜಕ್ಕೂ ಎಂಪವರ್ ಆಗಿದ್ದರಾ, ಕೆಳಗಿನವರಿಗೆ ಸರಿಯಾಗಿ ಒಪ್ಪಿಗೆ ಸಿಕ್ಕಿತ್ತಾ ಎಂದು ವಕೀಲರು ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮಾಡಬೇಕಾದದ್ದೇ. ಮನೆ ಶೋಧಿಸುವವರ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವ ಹಕ್ಕು ಮನೆಯವರಿಗೆ ಇರಬೇಕು.

ಇದನ್ನು ನಿಮ್ಮ ಸಂಘಕ್ಕೆ ತಂದರೆ: ಖಾತೆ ತೆರೆಯಲು, ಹಣ ತೆಗೆಯಲು ಅಧಿಕಾರ ಸಮಿತಿಗೆ ಇದೆ. ಅದು ಕಾಯ್ದೆಯಿಂದ, ಬೈಲಾದಿಂದ ಬಂದದ್ದು. ಅಂದರೆ ಬೈಲಾ ಸಮಿತಿಯನ್ನು ಎಂಪವರ್ ಮಾಡಿದೆ. ಸಮಿತಿ ನಿಮ್ಮಿಬ್ಬರನ್ನು ಆಥರೈಸ್ ಮಾಡುತ್ತದೆ. ನಿಮ್ಮ ಠರಾವಿಗೆ ಬೇಕಾದ ಪದ ಇದೇ. ವ್ಯಾಕರಣ ಸರಿ ಮಾಡಿ ಎಂಪವರ್ ಎಂದೇ ಬರೆದರೂ ಅರ್ಥ ಕೆಡುವುದಿಲ್ಲ. ಆದರೆ ಬ್ಯಾಂಕಿನವರ ಕಣ್ಣು ಹುಡುಕುವುದು ಆಥರೈಸ್ಡ್ ಎಂಬ ಪದವನ್ನು. ಚೆಕ್ಕಿಗೆ ಸಹಿ ಹಾಕುವವರನ್ನು ಅವರು ಕರೆಯುವುದೂ 'ಆಥರೈಸ್ಡ್ ಸಿಗ್ನೇಟರಿ' ಎಂದೇ.

ಇನ್ನೊಂದು ಮಾತು. ನೀವು ರಜೆಯಲ್ಲಿದ್ದಾಗ ಹಾಲು ಅಳೆಯುವ ಹುಡುಗಿಗೆ ನಿಮ್ಮ ಸಹಿಯ ಅಧಿಕಾರ ಕೊಟ್ಟು ಹೋಗಲು ಬರುವುದಿಲ್ಲ. ನಂಬಿ ಕೊಟ್ಟ ಅಧಿಕಾರವನ್ನು ಪಡೆದವರು ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ ಎಂಬುದು ಕಾನೂನಿನ ಹಳೆಯ ನಿಯಮ. 'ಡೆಲಿಗೇಟಸ್ ನಾನ್ ಪೊಟೆಸ್ಟ್ ಡೆಲಿಗೇರ್' ಎಂದು ವಕೀಲರು ಲ್ಯಾಟಿನ್‌ನಲ್ಲಿ ಹೇಳುವುದು ಇದನ್ನೇ. ಬೇಕಾದರೆ ಸಮಿತಿಯೇ ಇನ್ನೊಂದು ಠರಾವು ಮಾಡಬೇಕು.

ಊರಲ್ಲಿ ನಮಗೆಲ್ಲ ಗೊತ್ತಿರುವ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಕೂಡ ಇದೇ ಜಾತಿಯದು. ಉತ್ತರ ಕರ್ನಾಟಕದ ಕಡೆ ಮುಖತ್ಯಾರ ಪತ್ರ ಅನ್ನುತ್ತಾರೆ. ನನ್ನ ಪರವಾಗಿ ನೀನು ಮಾಡು ಎಂಬ ಕಾಗದ ಅದು. ಸಾಮಾನ್ಯವಾಗಿ ಬರೆದುಕೊಟ್ಟವರು ಅದನ್ನು ರದ್ದು ಮಾಡಬಹುದು. ಅವರು ತೀರಿಕೊಂಡರೆ ಅದೂ ಮುಗಿಯುತ್ತದೆ. ಜಿಪಿಎ ಮಾಡಿಸಿಕೊಂಡ ಮಾತ್ರಕ್ಕೆ ಸೈಟು ನಿಮ್ಮದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಅದು ಸೂರಜ್ ಲ್ಯಾಂಪ್ ಪ್ರಕರಣ. ಅಧಿಕಾರ ಕೊಡುವುದು ಬೇರೆ, ಒಡೆತನ ಕೊಡುವುದು ಬೇರೆ.

ಈಗ ನಿಮ್ಮ ಬೋರ್ಡಿಗೆ ಬರೋಣ. ನನಗೆ ನಿಮ್ಮ ಪ್ರಶ್ನೆಯಲ್ಲಿ ಜಾಸ್ತಿ ಇಷ್ಟವಾದದ್ದು ಈ ಭಾಗ.

ಎಂಪವರ್ ಇಂಗ್ಲಿಷಿಗೆ ಬಂದದ್ದು 17ನೇ ಶತಮಾನದಲ್ಲಿ. ಆಗ ಕೆಲವರು ಇದನ್ನು 'ಇಂಪವರ್' ಎಂದೂ ಬರೆಯುತ್ತಿದ್ದರು. ಸುಮಾರು ಮುನ್ನೂರು ವರ್ಷ ಇದು ಹೆಚ್ಚಾಗಿ ರಾಜ, ಸಂಸತ್ತು, ಕೋರ್ಟು, ರಾಯಭಾರಿಗಳ ಪದವಾಗಿತ್ತು. 1970, 80ರ ದಶಕದಲ್ಲಿ ಇದರ ದಿಕ್ಕು ತಿರುಗಿತು. ಅಮೆರಿಕದಲ್ಲಿ ಕರಿಯರ ನಡುವೆ, ಬಡವರ ನಡುವೆ, ಹೆಣ್ಣುಮಕ್ಕಳ ನಡುವೆ ಕೆಲಸ ಮಾಡುತ್ತಿದ್ದವರು ಈ ಪದವನ್ನು ಎತ್ತಿಕೊಂಡರು. ಮೇಲಿನವರು ಕೊಡುವ ಅಧಿಕಾರ ಅಲ್ಲ, ಜನರು ತಮ್ಮ ಬದುಕಿನ ಬಗ್ಗೆ ತಾವೇ ನಿರ್ಧಾರ ಮಾಡುವ ಕಸುವು ಎಂಬ ಅರ್ಥ ಅದಕ್ಕೆ ಸೇರಿತು. 1994ರಲ್ಲಿ ಕೈರೋದ ಜನಸಂಖ್ಯಾ ಸಮ್ಮೇಳನ, 1995ರಲ್ಲಿ ಬೀಜಿಂಗ್‌ನ ಮಹಿಳಾ ಸಮ್ಮೇಳನ ನಡೆದ ಮೇಲೆ ಎಂಪವರ್‌ಮೆಂಟ್ ಎಂಬುದು ಎಲ್ಲ ದೇಶಗಳ ಸರ್ಕಾರಿ ಕಾಗದಗಳಿಗೂ ಬಂತು. ನಮ್ಮಲ್ಲಿ 1998ರಲ್ಲಿ ಕೇಂದ್ರದ ಕಲ್ಯಾಣ ಸಚಿವಾಲಯ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವಾಯಿತು. 2001ನ್ನು ಮಹಿಳಾ ಸಬಲೀಕರಣ ವರ್ಷ ಎಂದು ಆಚರಿಸಿದರು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಗುಂಪುಗಳ ಯೋಜನೆ ಶುರುವಾದದ್ದೂ ಅದೇ ಹೊತ್ತಿಗೆ, 2000-01ರಲ್ಲಿ.

ಸಬಲೀಕರಣ ಎಂಬ ಪದದ ಬಗ್ಗೆ ನನಗೆ ಒಂದು ತಕರಾರಿದೆ. ಶುದ್ಧವಲ್ಲದ್ದನ್ನು ಶುದ್ಧ ಮಾಡುವುದು ಶುದ್ಧೀಕರಣ. ಅದೇ ರೀತಿ, ಸಬಲರಲ್ಲದವರನ್ನು ಸಬಲರನ್ನಾಗಿ ಮಾಡುವುದು ಸಬಲೀಕರಣ. ಹೆಣ್ಣಿಗೆ 'ಅಬಲೆ' ಎಂಬ ಹೆಸರು ಮೊದಲೇ ಇದೆ. ಅಬಲೆಯನ್ನು ಸಬಲೆ ಮಾಡುತ್ತೇವೆ ಎಂಬ ಧ್ವನಿ ಆ ಪದದಲ್ಲೇ ಸೇರಿಕೊಂಡಿದೆ. ನಾಲ್ಕು ಗಂಟೆಗೆ ಎದ್ದು, ಎರಡು ಹಸು ಕರೆದು, ಮೇವು ಹೊತ್ತು ತರುವ ನಿಮ್ಮ ಸದಸ್ಯೆಯರಿಗೆ ಬಲ ಇಲ್ಲದೇ ಇಲ್ಲ. ಅವರಿಗೆ ಇಲ್ಲದ್ದು ಲೆಕ್ಕ ಕೇಳುವ ಜಾಗ, ಹಣದ ಮೇಲೆ ಹಿಡಿತ, ಮಾತಿಗೆ ಬೆಲೆ. ಇಂಗ್ಲಿಷ್ ಪದ ಹೇಳುವುದು ಈ ಇಲ್ಲದ್ದನ್ನು ಕುರಿತು. ಆದರೂ ಸಬಲೀಕರಣ ಈಗ ಎಲ್ಲರ ಬಾಯಿಗೆ ಬಂದಿದೆ, ಅದನ್ನು ಬಿಡಿಸುವುದು ಕಷ್ಟ. ಬಿಡಿಸಬೇಕು ಎಂದು ನಾನು ಹೇಳುತ್ತಿಲ್ಲ. ಮಾತಿನಲ್ಲಿ, ಭಾಷಣದಲ್ಲಿ ಬೇಕಾದರೆ 'ಕಸುವು ತುಂಬು', 'ಕೈ ಬಲಪಡಿಸು', 'ಸ್ವಂತ ಕಾಲ ಮೇಲೆ ನಿಲ್ಲಿಸು' ಎಂದು ಸಂದರ್ಭ ನೋಡಿ ಹೇಳಬಹುದು.

ಆದರೆ ಹಳೆಯ ಅರ್ಥದ ಎಂಪವರ್‌ಗೆ ಮಾತ್ರ ಸಬಲೀಕರಣ ತರಲೇಬೇಡಿ. ಸುಪ್ರೀಂ ಕೋರ್ಟ್ ರಚಿಸಿದ 'ಸೆಂಟ್ರಲ್ ಎಂಪವರ್ಡ್ ಕಮಿಟಿ' ನಿಮಗೆ ನೆನಪಿರಬಹುದು. ಬಳ್ಳಾರಿಯ ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ಟದ್ದು ಅದೇ. 2011ರಲ್ಲಿ ಕೋರ್ಟ್ ಅಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಮ್ಮ ಪತ್ರಿಕೆಗಳು ಆ ಸಮಿತಿಯನ್ನು 'ಕೇಂದ್ರ ಉನ್ನತಾಧಿಕಾರ ಸಮಿತಿ' ಎಂದು ಬರೆದವು. ಅದು ಸರಿಯಾದ ಜಾಣತನ. 'ಸಬಲೀಕೃತ ಸಮಿತಿ' ಎಂದಿದ್ದರೆ ಯಾರಿಗೂ ಏನೂ ಅರ್ಥವಾಗುತ್ತಿರಲಿಲ್ಲ.

ಎರಡು ಅರ್ಥಗಳನ್ನು ಬೇರೆ ಮಾಡಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೊಟ್ಟವರು ಇದನ್ನು ವಾಪಸ್ ತೆಗೆದುಕೊಳ್ಳಬಹುದಾ? ನಿಮ್ಮ ಸಹಿಯ ಅಧಿಕಾರವನ್ನು ಸಮಿತಿ ನಾಳೆ ವಾಪಸ್ ತೆಗೆದುಕೊಳ್ಳಬಹುದು. ಅದು ಕಾಗದದ ಅಧಿಕಾರ. ಆದರೆ ಒಬ್ಬ ಸದಸ್ಯೆ ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಓದುವುದನ್ನು ಕಲಿತಳು ಅನ್ನಿ. ಇವತ್ತು ನನ್ನ ಹಾಲಿಗೆ ಲೀಟರಿಗೆ ಯಾಕೆ ಕಡಿಮೆ ಬಿತ್ತು ಎಂದು ಕೇಳಿದಳು ಅನ್ನಿ. ಅದನ್ನು ಯಾವ ಠರಾವೂ ವಾಪಸ್ ತೆಗೆದುಕೊಳ್ಳಲಾರದು. ಅದು ಎರಡನೆಯ ಎಂಪವರ್. 'ಟ್ರೇನಿಂಗ್ ಎಂಪವರ್ಡ್ ಹರ್ ಟು ಕ್ವೆಶ್ಚನ್ ದಿ ರೇಟ್' ಎಂದು ಬರೆಯಬಹುದು. ಇಲ್ಲಿ ಆಥರೈಸ್ಡ್ ಎಂದು ಹಾಕಿದರೆ ವಾಕ್ಯ ಕೆಡುತ್ತದೆ. ದರ ಕೇಳಲು ಅವಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. 'ಎನೇಬಲ್ಡ್' ಎಂದರೆ ನಡೆಯುತ್ತದೆ, ಆದರೆ ತೆಳುವಾಗುತ್ತದೆ. ಎನೇಬಲ್ ಅಂದರೆ ಆಗುವ ಹಾಗೆ ಮಾಡುವುದು, ಅಷ್ಟೇ. ಸೇತುವೆ ನದಿ ದಾಟಲು ಎನೇಬಲ್ ಮಾಡುತ್ತದೆ. ಎಂಪವರ್‌ನಲ್ಲಿ ತಲೆ ಎತ್ತಿ ನಿಲ್ಲುವುದೂ ಇದೆ.

ಎರಡೂ ಅರ್ಥ ಒಂದೇ ಜಾಗದಲ್ಲಿ ಎದುರುಬದುರಾಗಿ ನಿಲ್ಲುವುದನ್ನು ನೋಡಬೇಕಾದರೆ ನಮ್ಮ ಪಂಚಾಯಿತಿಗಳನ್ನೇ ನೋಡಬೇಕು. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆಯೂ ನಡೆಯಿತು. ಇಡೀ ದೇಶಕ್ಕೆ ಮೂರನೇ ಒಂದರಷ್ಟು ಮೀಸಲಾತಿ ತಂದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಈಗ ನಮ್ಮಲ್ಲಿ ಅದು ಶೇ 50. ಆ ತಿದ್ದುಪಡಿಯ 243ಜಿ ವಿಧಿಯ ಮಾತು ನನಗೆ ತುಂಬಾ ಹಿಡಿಸುತ್ತದೆ. ಪಂಚಾಯಿತಿಗಳು ಸ್ವಯಂ ಆಡಳಿತದ ಸಂಸ್ಥೆಗಳಾಗಿ ಕೆಲಸ ಮಾಡಲು 'ಎನೇಬಲ್' ಆಗುವಷ್ಟು ಅಧಿಕಾರವನ್ನು ರಾಜ್ಯ ಅವುಗಳಿಗೆ 'ಎಂಡೋ' ಮಾಡಬಹುದು ಎಂದು ಅಲ್ಲಿದೆ. ಎಂಡೋ ಅಂದರೆ ದತ್ತಿ ಬಿಟ್ಟ ಹಾಗೆ ಕೊಡುವುದು. ಬರೆದವರು ಕೊಡುವುದನ್ನೂ ಆಗುವುದನ್ನೂ ಬೇರೆ ಬೇರೆ ಪದಗಳಲ್ಲಿ ಇಟ್ಟರು.

ಆದರೆ ಊರಲ್ಲಿ ಏನಾಯಿತು ಎಂಬುದು ನಿಮಗೂ ಗೊತ್ತು. ಅಧ್ಯಕ್ಷೆಯ ಹೆಸರಿನ ಬೋರ್ಡು, ಕುರ್ಚಿಯಲ್ಲಿ ಗಂಡ. ಪುಸ್ತಕ ಮನೆಗೆ ಬರುತ್ತದೆ, ಅವಳು ಸಹಿ ಹಾಕಿ ಕಳಿಸುತ್ತಾಳೆ. ಕಾನೂನಿನ ಅರ್ಥದಲ್ಲಿ ಅವಳು ಪೂರ್ತಿ ಎಂಪವರ್ಡ್. ಅವಳ ಸಹಿ ಇಲ್ಲದೆ ಚೆಕ್ಕು ಓಡುವುದಿಲ್ಲ. ಇನ್ನೊಂದು ಅರ್ಥದಲ್ಲಿ ಅವಳಿಗೆ ಇನ್ನೂ ಏನೂ ಸಿಕ್ಕಿಲ್ಲ. ಇದು ನನಗೆ ನೋವು ಕೊಡುವ ವಿಷಯ. ಹಾಗೆಂದು ಕಾಗದದ ಅಧಿಕಾರ ದಂಡ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ದಿನ ಅವಳು 'ಇದರಲ್ಲಿ ಏನು ಬರೆದಿದೆ, ಓದಿ ಹೇಳಿ' ಎಂದು ಕೇಳಿದರೆ ಗಂಡನೂ ಅಧಿಕಾರಿಯೂ ಓದಿ ಹೇಳಲೇಬೇಕಾಗುತ್ತದೆ. ಆ ದಿನ ಅವಳ ಬೆನ್ನಿಗೆ ನಿಲ್ಲುವುದು ಆ ಕಾಗದವೇ. ಬೀಗದ ಕೈ ಸೆರಗಿಗೆ ಬಂದ ದಿನವೇ ಸೊಸೆ ಯಜಮಾನಿ ಆಗುವುದಿಲ್ಲ. ಆದರೆ ಬೀಗದ ಕೈ ಬಾರದೆ ಯಜಮಾನಿ ಆದವಳನ್ನೂ ನಾನು ಕಂಡಿಲ್ಲ.

ಕಂಪನಿಗಳ ಬಳಕೆ ಈ ಎರಡರ ನಡುವೆ ಬರುತ್ತದೆ. ರಿಟ್ಜ್ ಕಾರ್ಲ್ಟನ್ ಹೋಟೆಲಿನ ಉದಾಹರಣೆ ಎಲ್ಲರೂ ಕೊಡುತ್ತಾರೆ. ಅತಿಥಿಯ ತೊಂದರೆ ಸರಿಪಡಿಸಲು ಅಲ್ಲಿನ ಸಾಮಾನ್ಯ ನೌಕರರೂ ಮೇಲಿನವರನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು. ಅಲ್ಲಿ ಮಿತಿ ಇದೆ, ಹಾಗಾಗಿ ಆಥರೈಸ್ಡ್ ಎನ್ನಬಹುದು. ಆದರೆ ಯಾವಾಗ, ಯಾಕೆ ಎಂಬುದನ್ನು ನೌಕರರೇ ನಿರ್ಧರಿಸುತ್ತಾರೆ. ಆ ನಂಬಿಕೆ ಇರುವುದರಿಂದ ಎಂಪವರ್ಡ್ ಎನ್ನುತ್ತಾರೆ. ನಂಬಿಕೆ ಇಲ್ಲದೆ ಕೆಲಸ ಮಾತ್ರ ಹೆಚ್ಚು ಹೊರಿಸಿ ಎಂಪವರ್ ಮಾಡಿದ್ದೇವೆ ಎನ್ನುವ ಕಡೆ ಈ ಪದ ಸುಳ್ಳಾಗುತ್ತದೆ.

ಉಳಿದ ಸಣ್ಣಪುಟ್ಟ ವಿಷಯಗಳು. ಎಂಪವರ್ ಮತ್ತು ಓವರ್‌ಪವರ್ ಒಂದೇ ಅಲ್ಲ. ಓವರ್‌ಪವರ್ ಅಂದರೆ ಮಣಿಸು, ಹಿಡಿದು ಕೆಡವು. ಕಳ್ಳನನ್ನು ಊರವರು ಓವರ್‌ಪವರ್ ಮಾಡುತ್ತಾರೆ. 'ಶೀ ಎಂಪವರ್ಡ್' ಎಂದು ಅರ್ಧಕ್ಕೆ ನಿಲ್ಲಿಸಬೇಡಿ. ಯಾರನ್ನು ಎಂಬುದು ಬೇಕೇ ಬೇಕು. ಅವಳಿಗೇ ಬಲ ಬಂತು ಎನ್ನಬೇಕಾದರೆ 'ಶೀ ಫೀಲ್ಸ್ ಎಂಪವರ್ಡ್' ಅಥವಾ 'ಶೀ ವಾಸ್ ಎಂಪವರ್ಡ್'. ಯಾವುದರಿಂದ ಬಲ ಬಂತು ಎಂದು ಹೇಳಲು 'ವಿತ್' ಬಳಸಬಹುದು: 'ಎಂಪವರ್ ವಿಮೆನ್ ವಿತ್ ಇನ್ಫರ್ಮೇಶನ್'. ಉಚ್ಚಾರಣೆಯಲ್ಲಿ ಒತ್ತು ಎರಡನೆಯ ಭಾಗದ ಮೇಲೆ, 'ಪವ' ಎಂಬಲ್ಲಿ. ಮುಂದಿರುವ ಎಂ ನಿಜವಾಗಿ 'ಎನ್'. ಎನ್‌ರಿಚ್, ಎನ್‌ಲಾರ್ಜ್‌ನಲ್ಲಿ ಇರುವ ಅದೇ 'ಎನ್'. ಪಕಾರದ ಪಕ್ಕ ಬಂದು ಮಕಾರದ ದನಿ ಪಡೆದಿದೆ. ನಮ್ಮ 'ತಣ್ಣಗೆ'ಯಲ್ಲಿ ಣಕಾರ ಇದ್ದು 'ತಂಪು' ಎನ್ನುವಾಗ ತುಟಿ ಮುಚ್ಚುತ್ತದಲ್ಲ, ಹಾಗೆಯೇ.

ನಿಮ್ಮ ಠರಾವನ್ನು ಹೀಗೆ ಬರೆಯಿರಿ: 'ರಿಸಾಲ್ವ್ಡ್ ದಟ್ ದಿ ಪ್ರೆಸಿಡೆಂಟ್ ಅಂಡ್ ದಿ ಸೆಕ್ರೆಟರಿ ಆರ್ ಹಿಯರ್‌ಬೈ ಆಥರೈಸ್ಡ್ ಟು ಆಪರೇಟ್ ದಿ ಸೊಸೈಟೀಸ್ ಬ್ಯಾಂಕ್ ಅಕೌಂಟ್ ಜಾಯಿಂಟ್ಲಿ.' ಪ್ರೆಸಿಡೆಂಟ್, ಸೆಕ್ರೆಟರಿ ಎಂಬಲ್ಲಿ ಇಬ್ಬರ ಹೆಸರೂ ಸೇರಿಸಿ. ಸಭೆಯ ದಿನಾಂಕ, ಠರಾವಿನ ಸಂಖ್ಯೆ, ಖಾತೆಯ ಸಂಖ್ಯೆ ಹಾಕಿ. ಹಿಂದಿನ ಅಧ್ಯಕ್ಷರ ಸಹಿಯ ಅಧಿಕಾರ ಆ ದಿನದಿಂದ ರದ್ದು ಎಂಬ ಸಾಲನ್ನೂ ಜೊತೆಗೇ ಬರೆಯಿರಿ. 'ಜಾಯಿಂಟ್ಲಿ' ಎಂಬ ಕೊನೆಯ ಪದವನ್ನು ಬಿಡಬೇಡಿ. ಅದಿದ್ದರೆ ನಿಮ್ಮಿಬ್ಬರ ಸಹಿಯೂ ಇಲ್ಲದೆ ಸಂಘದ ದುಡ್ಡು ಹೊರಗೆ ಹೋಗುವುದಿಲ್ಲ.